ಕಾಸು ಪಡೆದರೆ ದಾಸೋಹವೇ?

ಮೂಡಿಗೆರೆಯಲ್ಲಿ ನಾನೂ ನಮ್ಮ ಯಜಮಾನರೂ ಕಾಫಿ ಹೋಟೆಲು ನಡೆಸುತ್ತೇವೆ. ಅವರು ಡಿಕಾಕ್ಷನ್ ಇಳಿಸುತ್ತಾರೆ, ನಾನು ಹಾಲು ಕಾಯಿಸುತ್ತೇನೆ. ಮಠಕ್ಕೆ ನಡೆದುಕೊಳ್ಳುವ ಹಿರಿಯರೊಬ್ಬರು ಕೇಳಿದರು: “ಕಾಸು ತಗೊಂಡು ಕೊಡೋದು ದಾಸೋಹ ಆಗುತ್ತೇನಮ್ಮಾ?”

ಆಗುತ್ತದೆ ಎಂದೇ ನನ್ನ ನಂಬಿಕೆ. 12ನೇ ಶತಮಾನದ ಶರಣರು ಕಾಯಕವನ್ನೂ ದಾಸೋಹವನ್ನೂ ಜೋಡಿಸಿಯೇ ಇಟ್ಟರು. ನೀಡುವವನು ತಾನು ದೊಡ್ಡವನೆಂದುಕೊಳ್ಳುವುದು ಅವರಿಗೆ ಒಪ್ಪಿಗೆಯಿರಲಿಲ್ಲ. ಪುಕ್ಕಟೆ ಕೊಟ್ಟರೆ ತೋಟದ ಕೆಲಸದವಳು ನನ್ನೆದುರು ಕೈಚಾಚಬೇಕು. ದುಡ್ಡು ಕೊಟ್ಟರೆ ಸಾಹುಕಾರರ ಪಕ್ಕದ ಬೆಂಚಿನಲ್ಲೇ ಕೂರುತ್ತಾಳೆ, ಸಕ್ಕರೆ ಕಡಿಮೆಯಾಯಿತೆಂದು ಗದರುತ್ತಾಳೆ. ಆ ಗದರಿಕೆ ಕೇಳಲು ನನಗೆ ಇಷ್ಟ.

ಬೆಂಚು ಎಲ್ಲರದಾದದ್ದು ಸುಮ್ಮನೆ ಅಲ್ಲ. ಈ ಬೆಟ್ಟಗಳಿಗೆ ಕಾಫಿ ತಂದವರು ಸೂಫಿ ಸಂತ ಬಾಬಾ ಬುಡನ್ ಎನ್ನುತ್ತಾರೆ. ಅದೇ ಕಾಫಿ ಮಾರುತ್ತಿದ್ದ ಎಷ್ಟೋ ಹೋಟೆಲುಗಳಲ್ಲಿ ದಲಿತರಿಗೆ ಬೇರೆ ಲೋಟ, ಹೊರಗೆ ನಿಲ್ಲುವ ಜಾಗ. ಹೋಟೆಲಿನೊಳಗೆ ಹೋಗಲು ಜಾತಿ ಅಡ್ಡಿಯಾಗಬಾರದೆಂದು ಸಂವಿಧಾನದ 15ನೇ ವಿಧಿಯಲ್ಲೇ ಬರೆಯಬೇಕಾಯಿತು. ನಮ್ಮಲ್ಲಿ ಲೋಟಗಳೆಲ್ಲ ಒಂದೇ ಬುಟ್ಟಿಯಿಂದ ಬರುತ್ತವೆ.

ಕಾಸಿಲ್ಲದವರು? ಅವರ ಲೆಕ್ಕ ಯಜಮಾನರ ಪುಸ್ತಕದಲ್ಲಿದೆ. ಕೇಳುವುದಿಲ್ಲ, ಹೊಡೆದುಹಾಕುವುದೂ ಇಲ್ಲ. ಹೊಡೆದುಹಾಕಿದ್ದು ಗೊತ್ತಾದರೆ ಅವರು ಮರುದಿನ ಬರುವುದೇ ಇಲ್ಲ.