ಕೊಟ್ಟ ಮೇಲೆ ಯಾರ ಕೈ ಮೇಲಿರುತ್ತೆ?

ಪ್ರಿಯ ಯೌವನಸ್ಥರೇ, ಇವತ್ತು ಒಂದು ಪ್ರಶ್ನೆಯನ್ನು ನಿಮ್ಮ ಮುಂದೆ ಇಡ್ತೀನಿ. ಒಬ್ಬ ವಿಶ್ವಾಸಿ ಬಡವನಿಗೆ ಕೊಟ್ಟುಬಿಟ್ರೆ ಅವನ ಕರ್ತವ್ಯ ಮುಗೀತಾ?

ಡಿಸೆಂಬರ್ ಬಂದರೆ ನಮ್ಮ ಸಭೆಗಳೆಲ್ಲ ಕಂಬಳಿ ಹಂಚುತ್ತವೆ. ಒಳ್ಳೆಯದು, ನಿಲ್ಲಿಸಬೇಡಿ. ಚಳಿಯಲ್ಲಿ ನಡುಗುವವನಿಗೆ ಮೊದಲು ಕಂಬಳಿ ಬೇಕು, ಆಮೇಲೆ ಪ್ರಸಂಗ. ಯಾಕೋಬನು ತನ್ನ ಪತ್ರಿಕೆಯ ಎರಡನೇ ಅಧ್ಯಾಯದಲ್ಲಿ ಇದನ್ನೇ ಕಲಿಸ್ತಾನೆ. ಬರೀ ಬಾಯಿಮಾತಿನ ಆಶೀರ್ವಾದದಿಂದ ಹೊಟ್ಟೆ ತುಂಬಲ್ಲ. ಆದರೆ ಮುಂದಿನ ಡಿಸೆಂಬರ್‌ನಲ್ಲಿ ಅದೇ ಫುಟ್‌ಪಾತ್ ಮೇಲೆ ಅದೇ ಅಜ್ಜಿ ಕೂತಿದ್ದರೆ, ನಾವು ಒಂದು ರಾತ್ರಿಯ ಚಳಿಯನ್ನು ಬದಲಾಯಿಸಿದ್ದೇವೆ, ಅಷ್ಟೇ. ಆಕೆಯ ಜೀವನ ಇದ್ದ ಹಾಗೇ ಇದೆ.

ನಿಮ್ಮಲ್ಲಿ ಎಷ್ಟೋ ಜನ ದೊಡ್ಡ ಕಂಪನಿಗಳಲ್ಲಿ ಕೆಲಸ ಮಾಡ್ತೀರಿ. ಸಿಎಸ್‌ಆರ್ ಅನ್ನೋ ಪದ ನಿಮಗೆ ಹೊಸದಲ್ಲ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ, ನಿಗದಿತ ಗಾತ್ರಕ್ಕಿಂತ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ 2 ಪರ್ಸೆಂಟ್ ಸಮಾಜಕ್ಕೆ ಖರ್ಚು ಮಾಡಬೇಕು. ಇದರಿಂದ ಶಾಲೆಗಳಿಗೆ ಶೌಚಾಲಯ ಬಂದಿದೆ, ಕೆರೆಗಳ ಹೂಳು ತೆಗೆದಿದ್ದಾರೆ. ಸಂತೋಷ. ಆದರೆ ಈ ಕಲಂ ಮಾತಾಡೋದು 2 ಪರ್ಸೆಂಟ್ ಬಗ್ಗೆ. ಉಳಿದ 98 ಹೇಗೆ ಬಂತು? ಯಾರ ಬೆವರಿನಿಂದ ಬಂತು, ಆ ಬೆವರಿಗೆ ಸರಿಯಾದ ಬೆಲೆ ಕೊಟ್ಟಿದ್ದೀವಾ? ದೇವರು ಈ ಲೆಕ್ಕವನ್ನೂ ಕೇಳ್ತಾನೆ.

ಯಾಜಕಕಾಂಡ 19ನೇ ಅಧ್ಯಾಯ ತೆಗೆಯಿರಿ. ಹೊಲ ಕೊಯ್ಯುವಾಗ ಅಂಚಿನವರೆಗೂ ಕೊಯ್ಯಬೇಡ, ಬಿದ್ದ ಹಕ್ಕಲನ್ನು ಆರಿಸಿಕೊಳ್ಳಬೇಡ, ಅದನ್ನು ಬಡವರಿಗೂ ಪರದೇಶಿಗಳಿಗೂ ಬಿಡು ಅನ್ನೋ ಆಜ್ಞೆ ಅಲ್ಲಿದೆ. ಇದು ಕಾಣಿಕೆಯ ಆಜ್ಞೆ ಅಲ್ಲ, ಕೊಯ್ಲಿನ ಆಜ್ಞೆ. ಸಂಪಾದನೆ ಮುಗಿದ ಮೇಲೆ ಕೊಡೋದಲ್ಲ, ಸಂಪಾದನೆ ಮಾಡುವ ರೀತಿಯಲ್ಲೇ ಬಡವನಿಗೆ ಜಾಗ ಇಡೋದು. ಅದೇ ಅಧ್ಯಾಯದ 13ನೇ ವಚನದಲ್ಲಿ ಕೂಲಿಯವನ ಕೂಲಿಯನ್ನು ಬೆಳಗಿನವರೆಗೆ ಇಟ್ಟುಕೊಳ್ಳಬಾರದು ಅಂತ ಇದೆ. ಕೂಲಿ ತಡೆಹಿಡಿದು ಕಂಬಳಿ ಹಂಚುವವನನ್ನು ಈ ವಚನ ಸುಮ್ಮನೆ ಬಿಡಲ್ಲ.

ರೂತಳನ್ನು ನೆನಪು ಮಾಡಿಕೊಳ್ಳಿ. ಬೋವಜನು ಆಕೆಯ ಮನೆಗೆ ಒಂದು ಮೂಟೆ ಜವೆಗೋಧಿ ಕಳಿಸಿ ಮೊದಲ ದಿನವೇ ಕೈತೊಳೆದುಕೊಳ್ಳಬಹುದಿತ್ತು. ಹಾಗೆ ಮಾಡಲಿಲ್ಲ. ತನ್ನ ಆಳುಗಳಿಗೆ, ಸಿವುಡುಗಳಿಂದ ಸ್ವಲ್ಪ ಎಳೆದು ಬಿಡಿ, ಆಕೆಯನ್ನು ಗದರಿಸಬೇಡಿ ಅಂದ. ಸಂಜೆ ರೂತಳು ತಾನೇ ಆಯ್ದು, ತಾನೇ ಬಡಿದ ಕಾಳನ್ನು ಹೊತ್ತುಕೊಂಡು ಅತ್ತೆಯ ಮುಂದೆ ನಿಂತಳು. ತಲೆ ಎತ್ತಿಕೊಂಡು ಮನೆಗೆ ಹೋದಳು. ಅದು ದೊಡ್ಡದು, ಪ್ರಿಯರೇ.

ಈಗ ನಮ್ಮ ಕರಾವಳಿಗೆ ಬರೋಣ. 1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದರು. ಯೇಸುವನ್ನು ನಂಬಿದವರಲ್ಲಿ ಅನೇಕರು ಮನೆ ಕಳಕೊಂಡರು, ಕುಲದ ಕಸುಬು ಕಳಕೊಂಡರು. ಅವರಿಗೆ ದಿನಾ ಅಕ್ಕಿ ಹಂಚಿಕೊಂಡು ಎಷ್ಟು ವರ್ಷ ಇರೋದಕ್ಕಾಗುತ್ತೆ? ಮಿಷನ್ನಿನವರು ಮುದ್ರಣಾಲಯ ತೆರೆದರು, ನೇಯ್ಗೆ ಶುರು ಮಾಡಿದರು. 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಬಂತು. ಹೊಳೆದಂಡೆಯ ಜೇಡಿಮಣ್ಣು ನೂರಾರು ಕುಟುಂಬಗಳಿಗೆ ಅನ್ನವಾಯಿತು. ಅದನ್ನು ನೋಡಿ ಊರಿನ ಉದ್ಯಮಿಗಳೂ ಹೆಂಚಿನ ಕಾರ್ಖಾನೆ ಹಾಕಿದರು. ಮಂಗಳೂರು ಹೆಂಚು ಅನ್ನೋ ಹೆಸರು ದೇಶ ದಾಟಿ ಹೋಯಿತು. ದಾನ ಮಾಡೋದಕ್ಕೆ ಆಗದ ಕೆಲಸವನ್ನು ಉದ್ಯಮ ಮಾಡಿತು.

ಆದರೆ ಇನ್ನೊಂದು ಪಕ್ಕವನ್ನೂ ನೋಡಬೇಕು. ಕೆಲಸ ಕೊಡುವುದೂ ಮಿಷನ್, ಸಭೆ ನಡೆಸುವುದೂ ಮಿಷನ್. ಕೂಲಿ ಬಗ್ಗೆ ದೂರಿದ್ದರೆ ಯಾರ ಹತ್ತಿರ ಹೋಗಿ ಹೇಳಬೇಕು? ಮುಂದೆ ಮೊದಲನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರ್ಕಾರ ಮಿಷನ್ನಿನ ಉದ್ಯಮಗಳನ್ನು ವಶಕ್ಕೆ ತಗೊಂಡಿತು. ನಂತರ ಅವು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಎಲ್ಲವೂ ದೂರದಲ್ಲಿ ತೀರ್ಮಾನವಾಯಿತು. ಮಣ್ಣು ತುಳಿದು ಹದ ಮಾಡಿದ ಕೈಕಾಲುಗಳಿಗೆ ಆ ಮೇಜಿನ ಹತ್ತಿರ ಕುರ್ಚಿ ಇರಲಿಲ್ಲ. ಕೆಲಸ ಸಿಕ್ಕಿತ್ತು, ಮಾತು ಸಿಕ್ಕಿರಲಿಲ್ಲ.

ಅದೇ ಕರಾವಳಿಯ ಉಡುಪಿಯಲ್ಲಿ 1925ರಲ್ಲಿ ಇನ್ನೊಂದು ಪ್ರಯತ್ನ ಆಯಿತು. ಕೈಮಗ್ಗದ ನೇಕಾರರು ಸೋತು ಕೂತಿದ್ದ ಕಾಲ. ಉಪೇಂದ್ರ ಪೈ, ಡಾ. ಟಿ.ಎಂ.ಎ. ಪೈ, ವಾಮನ ಕುಡ್ವ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಒಂದು ಸಂಸ್ಥೆ ಕಟ್ಟಿದರು. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅವರು ಪಿಗ್ಮಿ ಠೇವಣಿ ಶುರು ಮಾಡಿದರು. ಏಜೆಂಟ್ ಮನೆಬಾಗಿಲಿಗೆ ಬಂದು ದಿನಕ್ಕೆ 2 ಆಣೆ ತಗೊಂಡು ಹೋಗ್ತಿದ್ದ. ಎಂಟು ದಿನಕ್ಕೆ ಒಂದು ರೂಪಾಯಿ. ಬ್ಯಾಂಕ್ ಮೆಟ್ಟಿಲು ಹತ್ತೋದಕ್ಕೆ ಹೆದರುತ್ತಿದ್ದ ಮನುಷ್ಯನ ಹತ್ತಿರ ಬ್ಯಾಂಕೇ ನಡೆದು ಬಂತು. ಕೈ ಚಾಚಬೇಕಾಗಿದ್ದವನು ಗ್ರಾಹಕನಾದ. ಅವರು ಬಡವನ ಬಡತನವನ್ನು ಮಾತ್ರ ನೋಡಲಿಲ್ಲ, ಅವನ 2 ಆಣೆಯನ್ನೂ ನೋಡಿದರು. ದೇವಾಲಯದಲ್ಲಿ ವಿಧವೆ ಹಾಕಿದ ಎರಡು ಕಾಸನ್ನು ನಮ್ಮ ಕರ್ತನು ನೋಡಲಿಲ್ವಾ?

ಈಗ ಕೊನೆಯ ಮೆಟ್ಟಿಲು, ನಾಯಕತ್ವ. ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯ. ಆತ್ಮನಿಂದ ತುಂಬಿದ ಸಭೆ, ಪ್ರತಿದಿನ ವಿಧವೆಯರಿಗೆ ಊಟ ಹಂಚುವ ಸಭೆ. ಆದರೂ ಅಲ್ಲಿ ಗೊಣಗಾಟ ಎದ್ದಿತು. ಗ್ರೀಕ್ ಭಾಷೆಯ ವಿಧವೆಯರು ಹಂಚಿಕೆಯಲ್ಲಿ ಬಿಟ್ಟುಹೋಗ್ತಿದ್ದರು. ಗಮನಿಸಿ, ಔದಾರ್ಯಕ್ಕೇನೂ ಕೊರತೆ ಇರಲಿಲ್ಲ, ಅನ್ಯಾಯವೂ ಇತ್ತು. ಎರಡೂ ಒಂದೇ ಪಂಕ್ತಿಯಲ್ಲಿ ಕೂತಿದ್ದವು!

ಅಪೊಸ್ತಲರು ಏನು ಮಾಡಿದರು? ಇನ್ನೊಂದು ಸೌಟು ಜಾಸ್ತಿ ಹಾಕಿ ಅಂತ ಹೇಳಿ ಸುಮ್ಮನಾಗಲಿಲ್ಲ. ನಿಮ್ಮೊಳಗಿಂದ ಏಳು ಜನರನ್ನು ಆರಿಸಿ ಅಂದರು. ಆ ಹೆಸರುಗಳನ್ನು ಓದಿ. ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು. ಯಾರ ಕಡೆಯಿಂದ ದೂರು ಬಂತೋ ಅವರ ಕಡೆಯವರ ಕೈಗೇ ಸೌಟು ಹೋದ ಹಾಗೆ ಕಾಣುತ್ತೆ. ಆಮೇಲೆ ದೇವರ ವಾಕ್ಯ ಪ್ರಬಲವಾಯಿತು, ಶಿಷ್ಯರ ಸಂಖ್ಯೆ ಬೆಳೆಯಿತು ಅಂತ ಲೂಕನು ಬರೀತಾನೆ. ಹಲ್ಲೆಲೂಯಾ!

ಹಾಗಾದರೆ ನನ್ನ ಮಾತು ಇಷ್ಟೇ. ಕೊಟ್ಟದ್ದು ಎಷ್ಟು ಅಂತ ಅಳೆಯಬೇಡಿ. ಕೊಟ್ಟ ಮೇಲೆ ಆ ಮನುಷ್ಯನ ಕೈ ಎಲ್ಲಿದೆ ನೋಡಿ. ವರ್ಷವರ್ಷವೂ ಅವನ ಕೈ ಕೆಳಗೇ, ನನ್ನ ಕೈ ಮೇಲೇ ಇದ್ದರೆ, ನಾನು ಸಹಾಯ ಮಾಡಿದ್ದು ಅವನಿಗೋ ನನ್ನ ಹೆಸರಿಗೋ?

ಬ್ರದರ್, ನಾನೇನು ಮಾಲೀಕನಾ, ನಾನೂ ತಿಂಗಳ ಸಂಬಳದವನೇ ಅಂತ ನೀವು ಹೇಳಬಹುದು. ನಿಮ್ಮ ಮನೆಯಲ್ಲಿ ಪಾತ್ರೆ ತೊಳೆಯುವ ಅಕ್ಕನಿಗೆ ನೀವೇ ಮಾಲೀಕರು. ಆಕೆಗೆ ಜ್ವರ ಬಂದ ದಿನ ಸಂಬಳ ಕಟ್ ಮಾಡ್ತೀರಾ? ನಿಮಗೆ ಸಿಕ್ ಲೀವ್ ಇದೆಯಲ್ಲ, ಆಕೆಗೂ ಇರಲಿ. ಅದು ನಿಮ್ಮ ಹೊಲದ ಅಂಚು. ಆಫೀಸಿನಲ್ಲಿ ಸಣ್ಣ ಸಪ್ಲೈಯರ್ ಬಿಲ್ ನಿಮ್ಮ ಟೇಬಲ್ ಮೇಲಿದೆಯಾ? ಸಣ್ಣ ಉದ್ದಿಮೆಗಳಿಗೆ ಹೆಚ್ಚೆಂದರೆ 45 ದಿನಗಳಲ್ಲಿ ಹಣ ಕೊಡಬೇಕು ಅಂತ 2006ರ ಕಾಯ್ದೆಯೇ ಹೇಳುತ್ತೆ. 44ನೇ ದಿನದವರೆಗೆ ಕಾಯಬೇಡಿ. ಆ ಬಿಲ್ಲಿನ ಹಿಂದೆ ಯಾರದೋ ಮಗುವಿನ ಸ್ಕೂಲ್ ಫೀಸ್ ಇರುತ್ತೆ.

ಸಭೆಯವರಿಗೂ ಒಂದು ಮಾತು. ಈ ಸಲ ಕ್ರಿಸ್‌ಮಸ್ ಸಹಾಯದ ಕಮಿಟಿ ಮಾಡುವಾಗ, ಹೋದ ಸಲ ಕಂಬಳಿ ತಗೊಂಡವರಲ್ಲಿ ಇಬ್ಬರನ್ನು ಆ ಕಮಿಟಿಯಲ್ಲಿ ಕೂರಿಸಿ. ಏನು ಬೇಕು ಅಂತ ಅವರೇ ಹೇಳಲಿ. ಕಂಬಳಿ ಬೇಡ, ತಳ್ಳುಗಾಡಿ ರಿಪೇರಿ ಮಾಡಿಸಿಕೊಡಿ ಅನ್ನಬಹುದು. ನಮ್ಮ ಪ್ಲಾನ್ ತಪ್ಪು ಅಂತಲೂ ಹೇಳಬಹುದು. ಕೇಳೋದಕ್ಕೆ ಸ್ವಲ್ಪ ಕಷ್ಟ ಆಗುತ್ತೆ. ಆದರೆ ಬದಲಾವಣೆ ಶುರುವಾಗೋದು ಅಲ್ಲಿಂದಲೇ. ಮತ್ತೆ, ದಯವಿಟ್ಟು, ತಗೊಳ್ಳುವವರ ಮುಖದ ಫೋಟೋ ಸ್ಟೇಟಸ್‌ಗೆ ಹಾಕಬೇಡಿ.

ಐಶ್ವರ್ಯವಂತನಾಗಿದ್ದ ನಮ್ಮ ಕರ್ತನು ನಮಗೋಸ್ಕರ ಬಡವನಾದನು. ಮೇಲಿಂದ ಎಸೆದು ಹೋಗಲಿಲ್ಲ, ಕೆಳಗಿಳಿದು ನಮ್ಮ ಪಕ್ಕದಲ್ಲಿ ಕೂತನು, ನಮ್ಮನ್ನು ತನ್ನ ಜೊತೆ ಬಾಧ್ಯಸ್ಥರನ್ನಾಗಿ ಮಾಡಿದನು.

ತಲೆಬಾಗಿ ಪ್ರಾರ್ಥಿಸೋಣ. ಕರ್ತನೇ, ಕೊಡುವ ಮನಸ್ಸನ್ನು ಕೊಟ್ಟಿದ್ದೀ, ನಿನಗೆ ಸ್ತೋತ್ರ. ಈಗ ಬಿಟ್ಟುಕೊಡುವ ಮನಸ್ಸನ್ನೂ ಕೊಡು. ನಮ್ಮ ಹೊಲದ ಅಂಚು ಎಲ್ಲಿದೆ ಅಂತ ಈ ವಾರ ನಮಗೆ ತೋರಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.