ಗಾಡಿ ಯಾರ ಖರ್ಚಿನಲ್ಲಿ ಗಟ್ಟಿಯಾಗುತ್ತದೆ?

ದೂರದ ಪ್ರಯಾಣಕ್ಕೆಂದು ಸಣ್ಣ ಬೈಕೊಂದನ್ನು ಸಜ್ಜು ಮಾಡಲು ಹೊರಟವನ ಮುಂದೆ ಸಾಮಾನ್ಯವಾಗಿ ಎರಡು ಲೆಕ್ಕಗಳಿರುತ್ತವೆ. ಒಂದು ದುಡ್ಡಿನದು, ಇನ್ನೊಂದು ತೂಕದ್ದು. ಇವೆರಡರ ಬಗ್ಗೆ ಗ್ಯಾರೇಜಿನಲ್ಲಿ ಗಂಟೆಗಟ್ಟಲೆ ಮಾತಾಡಬಹುದು. ಮೂರನೆಯ ಲೆಕ್ಕವೊಂದಿದೆ, ಅದನ್ನು ಯಾರೂ ಚೀಟಿಯಲ್ಲಿ ಬರೆದುಕೊಡುವುದಿಲ್ಲ. ನನ್ನ ಗಾಡಿ ಗಟ್ಟಿಯಾಗುವುದಕ್ಕೆ ನಾನಲ್ಲದೆ ಇನ್ಯಾರು ಬೆಲೆ ತೆರುತ್ತಾರೆ ಎಂಬುದು ಆ ಲೆಕ್ಕ.

ನನ್ನದು ಹೀರೋ ಎಕ್ಸ್‌ಪಲ್ಸ್ 200. 2019ರಲ್ಲಿ ಬಂದ ಗಾಡಿ. ಎಂಜಿನ್ 199.6 ಸಿಸಿ, ಬಲ ಸುಮಾರು 18 ಅಶ್ವಶಕ್ತಿ, ಟ್ಯಾಂಕಿಗೆ 13 ಲೀಟರ್, ಹೊಟ್ಟೆಗೂ ನೆಲಕ್ಕೂ ನಡುವೆ 220 ಮಿ.ಮೀ. ಜಾಗ. ಮುಂದಿನ ಚಕ್ರ 21 ಇಂಚು, ಹಿಂದಿನದು 18. ಎರಡೂ ಕಡ್ಡಿಚಕ್ರ, ಒಳಗೆ ಟ್ಯೂಬು. ಹುಣಸೂರು, ಕೋಟೆ ಕಡೆಯ ಮಣ್ಣುದಾರಿಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ದಿನಕ್ಕೆ ನಾನೂರು ಕಿಲೋಮೀಟರಿನಂತೆ ವಾರಗಟ್ಟಲೆ ಹೆದ್ದಾರಿ ಸವೆಸಬೇಕೆಂದರೆ ಅದರ ಕೊರತೆಗಳೂ ಒಂದೊಂದಾಗಿ ತಿಳಿಯುತ್ತವೆ. ಗಾಳಿ ಎದೆಗೇ ಬಡಿಯುತ್ತದೆ, ಸೀಟು ಸೊಂಟಕ್ಕೆ ಕೂರುವುದಿಲ್ಲ, ತೊಂಬತ್ತು ದಾಟಿದರೆ ಎಂಜಿನ್ ಏದುಸಿರು ಬಿಡುತ್ತದೆ.

ಹಾಗಾಗಿ ಸೀಟಿನ ಸ್ಪಂಜು ಬದಲಾಯಿಸುವುದು, ಎತ್ತರದ ಗಾಳಿತಡೆ ಹಾಕಿಸುವುದು, ಎಂಜಿನ್ನಿನ ಅಡಿಗೆ ಲೋಹದ ತಟ್ಟೆ ಕೊಡಿಸುವುದು, ಅಕ್ಕಪಕ್ಕ ಚೀಲ ಕಟ್ಟಲು ಕಂಬಿ ಬೆಸೆಸುವುದು. ಮುಂದಿನ ಸ್ಪ್ರಾಕೆಟ್ಟಿಗೆ ಒಂದು ಹಲ್ಲು ಹೆಚ್ಚಿಸಿದರೆ ಹೆದ್ದಾರಿಯಲ್ಲಿ ಎಂಜಿನ್ ನಿರಾಳವಾಗುತ್ತದೆ. ಅದೇ ಹಲ್ಲು ಏರು ಬಂದಾಗ ಎಳೆತವನ್ನು ಕಿತ್ತುಕೊಳ್ಳುತ್ತದೆ. ಕಂಬಿ, ಚೀಲ, ಗಾರ್ಡು ಎಲ್ಲ ಸೇರಿ ಇಪ್ಪತ್ತು ಕೆಜಿ ಏರಿದರೂ ಅಶ್ವಶಕ್ತಿ ಮಾತ್ರ ಹದಿನೆಂಟೇ. ಸಣ್ಣ ಎಂಜಿನ್ನಿನ ದೊಡ್ಡ ಗುಣವೆಂದರೆ ಅದು ಸಾಲ ಕೊಡುವುದಿಲ್ಲ. ಹೇರಿದ್ದನ್ನು ಅಲ್ಲೇ, ಆ ಕ್ಷಣವೇ ವಸೂಲು ಮಾಡುತ್ತದೆ. ಇಲ್ಲಿ ನೀತಿಯ ಪ್ರಶ್ನೆ ಏಳುವುದಿಲ್ಲ ಎಂದೇ ನನ್ನ ಅನಿಸಿಕೆ. ದುಡ್ಡೂ ನನ್ನದು, ಬೆನ್ನೂ ನನ್ನದು.

ಪ್ರಶ್ನೆ ಏಳುವುದು ದೀಪಕ್ಕೆ ಬಂದಾಗ. ಎರಡು ಎಲ್‌ಇಡಿ ದೀಪ ಬಿಗಿಸಿದರೆ ರಾತ್ರಿ ರಸ್ತೆ ಹಗಲಾಗುತ್ತದೆ. ಯಾರಿಗೆ? ಕೆ.ಆರ್. ನಗರದ ಸುತ್ತ ಕಬ್ಬು ಕಡಿಯುವ ಕಾಲದಲ್ಲಿ ಹಿಂದೊಂದು ಕೆಂಪು ದೀಪವೂ ಇಲ್ಲದ ಎತ್ತಿನಗಾಡಿಗಳು ಕತ್ತಲಲ್ಲೇ ಸಾಗುತ್ತಿರುತ್ತವೆ. ಹಳೆಯ ಟಿವಿಎಸ್ ಎಕ್ಸೆಲ್ಲಿನ ಮಂಕು ಬೆಳಕಿನಲ್ಲಿ ಹಾಲು ಹಾಕಿ ಮನೆಗೆ ಹೋಗುವವರಿರುತ್ತಾರೆ. ನನ್ನ ಬಿಳಿ ಬೆಳಕು ಅಂಥವರ ಕಣ್ಣಿಗೆ ಹೊಡೆದರೆ, ನಾನು ದಾಟಿ ಹೋದ ಮೇಲೂ ಕೆಲವು ಕ್ಷಣ ಅವರಿಗೆ ಏನೂ ಕಾಣುವುದಿಲ್ಲ. ಆ ಕ್ಷಣಗಳಲ್ಲಿ ಅವರು ಮಾಡಬಹುದಾದದ್ದು ಒಂದೇ, ರಸ್ತೆಯ ಅಂಚಿಗೆ ಸರಿಯುವುದು. ಡಾಂಬರು ಮುಗಿದು ಮಣ್ಣು ಗೇಣುದ್ದ ಕುಸಿದಿರುವುದು ಆ ಅಂಚಿನಲ್ಲೇ. ನಾನು ಕೊಂಡ ಬೆಳಕಿನಷ್ಟೇ ಕತ್ತಲೆಯನ್ನು ಇನ್ನೊಬ್ಬರ ಪಾಲಿಗೆ ತಳ್ಳಿರುತ್ತೇನೆ.

ಅದಕ್ಕೆ ದೀಪವೇ ಬೇಡವೆನ್ನುವುದು ಸುಲಭದ ಸಂತತನ. ಗುಂಡಿ ಕಾಣದೆ ನಾನು ಬಿದ್ದರೆ ಮನೆಯಲ್ಲಿ ಕಾಯುವವರು ನನಗೂ ಇದ್ದಾರೆ. ಆದರೆ ಅದೇ ದೀಪವನ್ನು ಎರಡು ರೀತಿಯಲ್ಲಿ ಕಟ್ಟಬಹುದು. ನೇರ ಸ್ವಿಚ್ಚಿಗೆ ಕೊಟ್ಟರೆ ಅದು ಸದಾ ಉರಿಯುತ್ತದೆ. ಹೈಬೀಮಿನ ವೈರಿನಿಂದ ರಿಲೇ ಎಳೆದರೆ, ಎದುರು ಗಾಡಿ ಬಂತೆಂದು ನಾನು ಡಿಮ್ ಮಾಡಿದೊಡನೆ ಇವೂ ಆರುತ್ತವೆ. ಖರ್ಚಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಎಲೆಕ್ಟ್ರಿಷಿಯನ್‌ಗೆ ಅರ್ಧ ಗಂಟೆ ಹೆಚ್ಚಿನ ಕೆಲಸ, ಅಷ್ಟೆ. ನನ್ನದು ಎರಡನೆಯ ರೀತಿಯದು, ಮೇಲೊಂದು ಹಳದಿ ಮುಚ್ಚಳ. ನೀತಿಶಾಸ್ತ್ರ ಅಂದರೆ ದೊಡ್ಡ ದೊಡ್ಡ ತೀರ್ಮಾನಗಳು ಎಂದುಕೊಂಡಿರುತ್ತೇವೆ. ಎಷ್ಟೋ ಸಲ ಅದು ಯಾವ ವೈರನ್ನು ಎಲ್ಲಿಗೆ ಕೊಡುವುದು ಎಂಬಷ್ಟೇ ಆಗಿರುತ್ತದೆ.

ಸೈಲೆನ್ಸರಿನ ವಿಷಯದಲ್ಲಿ ನನಗೆ ಇಷ್ಟು ಸಹನೆಯಿಲ್ಲ. ಸಂಕ್ರಾಂತಿಯ ಆಸುಪಾಸಿನಲ್ಲಿ ಚುಂಚನಕಟ್ಟೆಯ ದನಗಳ ಜಾತ್ರೆಗೆ ಎತ್ತುಗಳನ್ನು ಹಿಡಿದುಕೊಂಡು ರಸ್ತೆಯಲ್ಲೇ ನಡೆಸಿಕೊಂಡು ಬರುವವರನ್ನು ನೋಡಿದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ. ಮಗುವಿನಂತೆ ಸಾಕಿದ ಹೋರಿ. ಪಕ್ಕದಲ್ಲೊಂದು ಬೈಕು ಗುಡುಗಿಕೊಂಡು ಹೋದರೆ ಅದು ಬೆದರಿ ಹಗ್ಗ ಜಗ್ಗುತ್ತದೆ. ಹಗ್ಗದ ಈ ತುದಿಯಲ್ಲಿರುವವನ ಅಂಗೈ ಸುಲಿಯುತ್ತದೆ. ಸವಾರನಿಗೆ ಕನ್ನಡಿಯಲ್ಲಿ ಅದು ಕಾಣುವುದೂ ಇಲ್ಲ. ಅದೇ ದಿನಗಳಲ್ಲಿ ಹಳ್ಳಿಯ ರಸ್ತೆ ಅರ್ಧ ಕಣವಾಗಿರುತ್ತದೆ. ಹುರುಳಿ, ರಾಗಿಯ ಕಡ್ಡಿ ಹರಡಿರುತ್ತಾರೆ. ತಪ್ಪೋ ಸರಿಯೋ, ರಸ್ತೆ ಎನ್ನುವುದು ಇಲ್ಲಿ ಹೋಗುವವರದ್ದು ಮಾತ್ರವಲ್ಲ, ಇರುವವರದ್ದೂ ಹೌದು.

ಕಾನೂನು ಈ ಮೂರನೆಯ ಲೆಕ್ಕ ಇಡುತ್ತದೆಯೇ? ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಆದರೆ ಕಾನೂನಿನ ಕಣ್ಣಿರುವುದು ಗಾಡಿ ಮೊದಲಿನಂತೆ ಇದೆಯೋ ಇಲ್ಲವೋ ಎಂಬುದರ ಮೇಲೆ. ನನ್ನ ಪ್ರಶ್ನೆಗೆ ಹತ್ತಿರ ಬಂದವನು ಇವಾನ್ ಇಲಿಚ್. 1974ರ ‘ಎನರ್ಜಿ ಅಂಡ್ ಈಕ್ವಿಟಿ’ ಎಂಬ ಪುಟ್ಟ ಪುಸ್ತಕದಲ್ಲಿ ಅವನ ವಾದ ಹೀಗೆ: ವೇಗ ಒಂದು ಮಿತಿ ದಾಟಿದ ಮೇಲೆ ಒಬ್ಬ ಉಳಿಸಿಕೊಳ್ಳುವ ಸಮಯ ಇನ್ನೊಬ್ಬನಿಂದ ಕಸಿದದ್ದು. ಆ ಮಿತಿಯನ್ನು ಅವನು ಗಂಟೆಗೆ ಸುಮಾರು 25 ಕಿ.ಮೀ.ಗೆ, ಅಂದರೆ ಸೈಕಲ್ಲಿನ ಆಸುಪಾಸಿಗೆ, ನಿಲ್ಲಿಸಿದ. ಅಷ್ಟಕ್ಕೆ ನಿಲ್ಲಲು ನಾನು ಸಿದ್ಧನಿಲ್ಲ, ಸಿದ್ಧನಿದ್ದಿದ್ದರೆ ಬೈಕು ಕೊಳ್ಳುತ್ತಲೇ ಇರಲಿಲ್ಲ. ಆದರೆ ಅವನ ಲೆಕ್ಕದ ಕ್ರಮ ಸರಿಯೆನಿಸುತ್ತದೆ. ನನಗೆ ದಕ್ಕಿದ್ದನ್ನು ಎಣಿಸುವಾಗ ಅದು ಯಾರಿಂದ ಬಂತು ಎಂದೂ ಎಣಿಸಬೇಕು.

‘ಅಡ್ವೆಂಚರ್’ ಎಂಬ ಪದವೇ ಈ ಸೀಮೆಯಲ್ಲಿ ಸ್ವಲ್ಪ ಮುಜುಗರದ್ದು. ಅಂತರಸಂತೆಯ ಆಚೆ ಹಾಡಿಗಳಿಗೆ ಹೋಗುವ ಕೊರಕಲು ದಾರಿಗೆಂದೇ ನಾನು ಎಂಜಿನ್ನಿಗೆ ತಟ್ಟೆ ಹಾಕಿಸಿದ್ದು. ಅದೇ ದಾರಿಯಲ್ಲಿ ಎಕ್ಸೆಲ್ ಗಾಡಿಯವನೊಬ್ಬ ಮುಂದೆ ಅಕ್ಕಿ ಮೂಟೆ, ಹಿಂದೆ ಹೆಂಡತಿ, ಪಕ್ಕದಲ್ಲಿ ಸೀಮೆಸುಣ್ಣದ ಡಬ್ಬ ನೇತುಹಾಕಿಕೊಂಡು ಬರುತ್ತಾನೆ. ಎಕ್ಸೆಲ್ 100ರ ಎಂಜಿನ್ ನನ್ನದರ ಅರ್ಧ, ಬಲ ನಾಲ್ಕು ಚಿಲ್ಲರೆ ಅಶ್ವಶಕ್ತಿ. ಅವನದು ಸಂತೆಗೆ ಹೋಗಿಬರುವುದು, ನನ್ನದು ಸಾಹಸ. ಇದನ್ನು ಹೇಳಿ ನನ್ನ ಸಂತೋಷವನ್ನು ನಾನೇ ಹಳಿಯುತ್ತಿಲ್ಲ. ದಾರಿಯ ಸಂತೋಷ ನಿಜವಾದದ್ದೇ. ಅವನಿಗೆ ಪಕ್ಕಕ್ಕೆ ಸರಿದು ದಾರಿ ಬಿಡಬೇಕಾದವನು ನಾನು, ಅಷ್ಟೆ. ಬಿದ್ದರೆ ನಷ್ಟ ತಡೆದುಕೊಳ್ಳಬಲ್ಲವನು ನಾನು ತಾನೆ.

ಎಲ್ಲಕ್ಕಿಂತ ತೊಡಕಿನದು ಟೈರು. ಕಡ್ಡಿಚಕ್ರವನ್ನು ಟ್ಯೂಬ್‌ಲೆಸ್ ಮಾಡಿಸಿಕೊಂಡರೆ ಮೊಳೆ ಚುಚ್ಚಿದರೂ ಗಾಳಿ ನಿಧಾನವಾಗಿ ಇಳಿಯುತ್ತದೆ, ರಸ್ತೆಬದಿಯಲ್ಲಿ ಚಕ್ರ ಬಿಚ್ಚಬೇಕಿಲ್ಲ. ಇದರಿಂದ ಯಾರ ಕಣ್ಣಿಗೂ ಹೊಡೆತವಿಲ್ಲ, ಯಾರ ಎತ್ತೂ ಬೆದರುವುದಿಲ್ಲ. ಆದರೂ ಏನೋ ಕಳೆಯುತ್ತದೆ. ಹೆಚ್ಚಿನ ಪೆಟ್ರೋಲಿನ ಕ್ಯಾನು, ದಾರಿ ತೋರುವ ಪರದೆ, ಗಾಳಿ ತುಂಬುವ ಪುಟ್ಟ ಪಂಪು, ಒಲೆ, ಡೇರೆ, ಇವೆಲ್ಲ ಸೇರಿದ ಗಾಡಿಗೆ ಯಾರನ್ನೂ ಏನನ್ನೂ ಕೇಳುವ ಅಗತ್ಯ ಬೀಳುವುದಿಲ್ಲ. ಅರವಟ್ಟಿಗೆ, ಛತ್ರಗಳನ್ನು ಕಟ್ಟಿದ ನಾಡು ಇದು. ದಾರಿಹೋಕ ಎಂದರೆ ಕೇಳುವವನು, ಊರು ಎಂದರೆ ಕೊಡುವುದು ಎಂಬ ಒಪ್ಪಂದ ಅದರ ಹಿಂದಿತ್ತು. ಏನನ್ನೂ ಕೇಳದೆ ಹಾದುಹೋಗುವವನಿಗೆ ಊರು ಬರೀ ನೋಟವಾಗಿಬಿಡುತ್ತದೆ.

ಹಾಗೆಂದು ಬರಿಗೈಯಲ್ಲಿ ಹೊರಡುವುದು ಸದ್ಗುಣವಲ್ಲ. ಕಾಡಂಚಿನಲ್ಲಿ ಕೆಟ್ಟು ನಿಂತು, ಕೂಲಿ ಮುಗಿಸಿ ಬಂದವರ ಸಂಜೆಯನ್ನು ನನ್ನ ಗಾಡಿ ತಳ್ಳುವುದಕ್ಕೆ ಬಳಸಿಕೊಳ್ಳುವುದೂ ಅವರ ಖರ್ಚಿನಲ್ಲಿ ಮಾಡಿದ ಪ್ರವಾಸವೇ. ಹಾಗಾದರೆ ಎಷ್ಟು ಸ್ವಾವಲಂಬನೆ ಬೇಕು? ನನಗೆ ಸಿಕ್ಕ ಉತ್ತರ ಪಿರಿಯಾಪಟ್ಟಣದ ರಸ್ತೆಯ ಒಬ್ಬ ಪಂಕ್ಚರ್ ಅಂಗಡಿಯವರದ್ದು. ಲಿವರು ಹಾಕಿ ಟೈರು ಬಿಡಿಸುವುದನ್ನು ಹೇಳಿಕೊಡಿ ಎಂದು ಕೇಳಿದ್ದೆ. ರಿಮ್ಮಿನ ಗುಳಿಗೆ ಟೈರಿನ ಅಂಚನ್ನು ಮೊದಲು ತುಳಿದು ಇಳಿಸಬೇಕು, ಇಲ್ಲದಿದ್ದರೆ ಎಷ್ಟು ಎಳೆದರೂ ಬಾರದು ಎಂದು ತೋರಿಸಿದರು. ಆಮೇಲೆ ಹೇಳಿದರು: “ಕಲ್ತ್ಕಳಿ ಸಾ, ಅಂಗ್ಡಿ ಇಲ್ದಿರೊ ಕಡೆ ಬೇಕಾಯ್ತದೆ. ಅಂಗ್ಡಿ ಇರೊ ಕಡೆ ಮಾತ್ರ ನೀವೇ ಬಿಚ್ಕೊಂಡ್ ಕೂತ್ಕಬೇಡಿ.” ಹೊಟ್ಟೆಪಾಡಿನ ಮಾತು ಅದು, ನಿಜ. ಅದಕ್ಕೇ ನನಗೆ ಅದರಲ್ಲಿ ನಂಬಿಕೆ. ನಾನು ಟ್ಯೂಬನ್ನೇ ಉಳಿಸಿಕೊಂಡೆ. ಲಿವರು, ಪ್ಯಾಚು, ಪಂಪು ಚೀಲದ ತಳದಲ್ಲಿವೆ.

ಮೈಸೂರಿನವರಿಗೆ ಇದು ಹೊಸ ಮಾತೇನಲ್ಲ. 1961ರಿಂದ 1996ರವರೆಗೆ ಐಡಿಯಲ್ ಜಾವಾ ಕಾರ್ಖಾನೆ ಇದೇ ಊರಿನಲ್ಲಿ ಜಾವಾ, ಯೆಜ್ಡಿಗಳನ್ನು ಮಾಡಿತು. ಕಿಕ್ಕರಿಗೂ ಗೇರಿಗೂ ಒಂದೇ ಕಡ್ಡಿ, ಎರಡು ಸ್ಟ್ರೋಕಿನ ಸರಳ ಎಂಜಿನ್. ಕಾರ್ಖಾನೆ ಮುಚ್ಚಿ ಇಷ್ಟು ವರ್ಷವಾದರೂ ಅವು ಓಡುತ್ತಿರುವುದು ಅವನ್ನು ಬಿಚ್ಚಿ ಕಟ್ಟಬಲ್ಲ ಕೈಗಳು ಊರೂರಲ್ಲಿ ಉಳಿದದ್ದರಿಂದ. ಕೇಳಿದಾಗ ಯಾರಾದರೂ ಮಾಡಿಕೊಡುತ್ತಾರೆ ಎಂಬುದೂ ಗಾಡಿಯ ಬಲವೇ.

ಎಚ್.ಡಿ. ಕೋಟೆ ದಾಟಿ ಮಾನಂದವಾಡಿಯ ಕಡೆ ಹೋಗುವ ರಸ್ತೆ ನಾಗರಹೊಳೆಯ ಕಾಡಿನೊಳಗೆ ಹೋಗುತ್ತದೆ. 2008ರಿಂದ ಅಲ್ಲಿ ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ ಸಂಚಾರವಿಲ್ಲ. ಆನೆ, ಜಿಂಕೆಗಳಿಗೆ ನನ್ನ ದೀಪದ ಹಳದಿ ಮುಚ್ಚಳದಿಂದ ಏನೂ ಆಗಬೇಕಿಲ್ಲ; ಅವಕ್ಕೆ ಬೇಕಾದದ್ದು ನಾನು ಅಲ್ಲಿ ಇರದಿರುವುದು. ಆರು ಗಂಟೆ ಮೀರಿ ಹೋದರೆ ಗೇಟಿನ ಈಚೆ ಎಲ್ಲರೂ ಸಾಲಾಗಿ ಗಾಡಿ ತಿರುಗಿಸುತ್ತಾರೆ. ತರಕಾರಿ ತುಂಬಿದ ಮಿನಿಲಾರಿ, ಕೇರಳದ ಕಾರು, ತಟ್ಟೆ, ಕಂಬಿ, ಗಾಳಿತಡೆಗಳ ನನ್ನ ಬೈಕು. ವಾಪಸು ಬಂದರೆ ಹ್ಯಾಂಡ್‌ಪೋಸ್ಟಿನಲ್ಲಿ ಚಹಾ ಸಿಗುತ್ತದೆ, ಬೆಳಿಗ್ಗೆಯವರೆಗೆ ಎಲ್ಲಿ ಉಳಿಯಬಹುದು ಎಂದು ಅಲ್ಲೇ ಯಾರನ್ನಾದರೂ ಕೇಳಬೇಕು.