ಋತುವಿನ ಫಲವೂ ಒಂದು ದಿನದ ಜಯವೂ

ಮನುಷ್ಯನ ಯೋಗ್ಯತೆಯು ಯಾವುದರಿಂದ ನಿರ್ಣಯವಾಗತಕ್ಕದ್ದು? ಬಹುಕಾಲದ ನಡತೆಯಿಂದಲೋ, ಇಕ್ಕಟ್ಟಿನ ಒಂದು ಘಳಿಗೆಯಲ್ಲಿ ಅವನು ತೋರಿದ ಸಾಮರ್ಥ್ಯದಿಂದಲೋ? ವರ್ಷವೆಲ್ಲ ಓದಿದ ಹುಡುಗನು ಪರೀಕ್ಷೆಯ ದಿನ ಜ್ವರದಿಂದ ಮಲಗಿದಾಗ ಈ ಪ್ರಶ್ನೆಯು ಯಾವ ಮನೆಯಲ್ಲಿಯಾದರೂ ಏಳುವುದು. ಅಮೆರಿಕದ ಸಂಯುಕ್ತ ಸಂಸ್ಥಾನಗಳ ಕಾಲೇಜು ತರುಣರ ಕಾಲ್ಚೆಂಡಾಟದಲ್ಲಿ ಅದು ಪ್ರತಿ ವರ್ಷವೂ ನವೆಂಬರ್ ತಿಂಗಳಲ್ಲಿ ತಪ್ಪದೆ ಎದ್ದು ನಿಲ್ಲುತ್ತದೆ. ಆಟದ ವಿಷಯವೆಂದು ಇದನ್ನು ಹಗುರಾಗಿ ಎಣಿಸಬೇಕಾಗಿಲ್ಲ. ನ್ಯಾಯದ ಸೂಕ್ಷ್ಮಗಳು ಸಣ್ಣ ಕ್ಷೇತ್ರದಲ್ಲಿಯೇ ಸ್ಪಷ್ಟವಾಗಿ ಕಾಣುವುದುಂಟು.

ಆ ದೇಶದಲ್ಲಿ ಈ ಆಟಕ್ಕೆ ಸಾಕರ್ ಎಂದು ಹೆಸರು. ಅಲ್ಲಿಯ ವಿಶ್ವವಿದ್ಯಾನಿಲಯಗಳು ಕಾನ್ಫರೆನ್ಸ್ ಎಂಬ ಕೂಟಗಳಾಗಿ ಸೇರಿಕೊಂಡಿವೆ. ಶರತ್ಕಾಲದಲ್ಲಿ ಒಂದು ಕೂಟದ ತಂಡಗಳು ಪರಸ್ಪರ ಆಡುತ್ತವೆ. ಗೆದ್ದರೆ 3 ಅಂಕ, ಸಮವಾದರೆ 1. ಈ ಸಾಲು ಮುಗಿದ ಮೇಲೆ ಮುಂದಿನ ಕೆಲವು ತಂಡಗಳಿಗೆ ಬೇರೊಂದು ಪಂದ್ಯಾವಳಿ ನಡೆಯುವುದು. ಅದರಲ್ಲಿ ಒಮ್ಮೆ ಸೋತವನು ಹೊರಗೆ. 1959ರಿಂದ ನಡೆದುಬಂದಿರುವ ರಾಷ್ಟ್ರೀಯ ಸ್ಪರ್ಧೆಗೆ ಈಗ 48 ತಂಡಗಳು ಸೇರುತ್ತವೆ. ಕೂಟಗಳ ವಿಜೇತರು ಹಕ್ಕಿನಿಂದ ಪ್ರವೇಶಿಸುತ್ತಾರೆ. ಉಳಿದವರನ್ನು ಒಂದು ಸಮಿತಿಯು ಆರಿಸುತ್ತದೆ. ಆದರೆ ಬಹುಮಟ್ಟಿಗೆ ಎಲ್ಲ ಕೂಟಗಳಲ್ಲಿಯೂ ಆ ಹಕ್ಕು ಸಲ್ಲುವುದು ಸಾಲಿನಲ್ಲಿ ಮೊದಲಿಗನಾದವನಿಗಲ್ಲ, ಕೊನೆಯ ಪಂದ್ಯಾವಳಿಯನ್ನು ಗೆದ್ದವನಿಗೆ. ಎರಡು ತಿಂಗಳು ಮುಂದಾಗಿದ್ದ ತಂಡವು ಒಂದು ಮಧ್ಯಾಹ್ನ ಎಡವಿದರೆ ಸಮಿತಿಯ ಬಾಗಿಲಲ್ಲಿ ಕಾದು ನಿಲ್ಲಬೇಕು. ಪ್ರಬಲವಾದ ಕೂಟದವರಿಗೆ ಆ ಬಾಗಿಲು ತೆರೆಯುವುದುಂಟು. ಚಿಕ್ಕ ಕೂಟದವರಿಗೆ ತೆರೆಯುವುದು ಅಪರೂಪ. ಹೀಗೆ ಒಂದೇ ತಪ್ಪಿಗೆ ಬಲವಂತನಿಗೊಂದು, ಬಡವನಿಗೊಂದು ದಂಡವಾಗುತ್ತದೆ.

ಪಂದ್ಯಾವಳಿಯ ಪಕ್ಷವನ್ನು ವಹಿಸುವವರು ಮೂರು ಸಮಾಧಾನಗಳನ್ನು ಹೇಳಬಹುದು. ನಿಯಮವು ಎಲ್ಲರಿಗೂ ಮೊದಲೇ ತಿಳಿದದ್ದು, ಒಪ್ಪಿ ಆಡಿದವನಿಗೆ ದೂರುವ ಅಧಿಕಾರವಿಲ್ಲ ಎಂಬುದು ಮೊದಲನೆಯದು. ಈ ಮಾತು ಸಾಲದು. ಧರ್ಮರಾಯನು ಒಪ್ಪಿ ಕುಳಿತನೆಂಬ ಮಾತ್ರಕ್ಕೆ ದ್ಯೂತವು ಧರ್ಮವಾಗಲಿಲ್ಲ. ಒಪ್ಪಿಗೆಯು ದೂರುವವನ ಬಾಯನ್ನು ಕಟ್ಟಬಲ್ಲುದು. ನಿಯಮವನ್ನು ನ್ಯಾಯವಾಗಿ ಮಾಡಲಾರದು.

ಎರಡನೆಯದಕ್ಕೆ ಹೆಚ್ಚು ತೂಕವುಂಟು. ಕಾಲೇಜಿನ ತಂಡವು ವರ್ಷವರ್ಷವೂ ಹೊಸದಾಗುವಂಥದು. ಹಳಬರು ಪದವಿ ಪಡೆದು ಹೋಗುತ್ತಾರೆ, ಹೊಸಬರು ಬರುತ್ತಾರೆ. ಆಗಸ್ಟಿನಲ್ಲಿ ಒಬ್ಬರನ್ನೊಬ್ಬರು ಅರಿಯದಿದ್ದವರು ನವೆಂಬರಿನ ಹೊತ್ತಿಗೆ ಒಂದೇ ಮನಸ್ಸಿನವರಾಗುತ್ತಾರೆ. ಮೊದಲು ಸೋತವನನ್ನು ಕೊನೆಯವರೆಗೂ ಸೋತವನೆಂದೇ ಎಣಿಸುವುದು ಬೆಳವಣಿಗೆಯನ್ನು ಅಲ್ಲಗಳೆದಂತೆ. ಪಂಡಿತರ ಎಣಿಕೆಯೂ ತಪ್ಪುವುದುಂಟು: 2024ರಲ್ಲಿ ಸಮಿತಿಯ ಶ್ರೇಯಾಂಕಪಟ್ಟಿಯಲ್ಲಿ ಸ್ಥಾನವನ್ನೇ ಪಡೆಯದಿದ್ದ ವರ್ಮಾಂಟ್ ವಿಶ್ವವಿದ್ಯಾನಿಲಯದ ತಂಡವು ರಾಷ್ಟ್ರೀಯ ಅಂತಿಮ ಪಂದ್ಯದಲ್ಲಿ ಮಾರ್ಷಲ್ ತಂಡವನ್ನು ಹೆಚ್ಚುವರಿ ಅವಧಿಯಲ್ಲಿ 2–1ರಿಂದ ಗೆದ್ದಿತು. ಬಾಗಿಲನ್ನು ಕೊನೆಯವರೆಗೂ ತೆರೆದಿಡುವುದು ದಯೆಯಷ್ಟೇ ಅಲ್ಲ, ವಿವೇಕವೂ ಹೌದು.

ಮೂರನೆಯದು, ಇಕ್ಕಟ್ಟಿನಲ್ಲಿ ಕದಲದಿರುವುದೂ ಒಂದು ಗುಣವೇ ಎಂಬುದು. ದಿಟ. ಆದರೆ ಧೈರ್ಯದ ಫಲವಾವುದು, ದೈವದ ಫಲವಾವುದು ಎಂದು ಬೇರ್ಪಡಿಸುವುದು ಈ ಆಟದಲ್ಲಿ ಬಹು ಕಷ್ಟ. ತೊಂಬತ್ತು ನಿಮಿಷಗಳಲ್ಲಿ ಒಂದೋ ಎರಡೋ ಗೋಲು ಆಗುವ ಕ್ರೀಡೆಯಿದು; ಚೆಂಡು ಕಂಬಕ್ಕೆ ತಗುಲಿ ಒಳಕ್ಕೆ ಹೊರಳಿತೋ ಹೊರಕ್ಕೆ ಹೊರಳಿತೋ, ಅಷ್ಟರ ಮೇಲೆ ಋತುವಿನ ಭಾಗ್ಯವು ನಿಂತುಬಿಡುತ್ತದೆ. ಹಲವು ಪಂದ್ಯಗಳು ನಡೆದರೆ ಅದೃಷ್ಟವು ಅತ್ತಿತ್ತ ಹಂಚಿಹೋಗಿ ಯೋಗ್ಯತೆಯು ತಳದಲ್ಲಿ ನಿಲ್ಲುವುದು. ಒಂದೇ ಪಂದ್ಯದಲ್ಲಿ ಹಾಗೆ ಹಂಚಿಹೋಗಲು ಅವಕಾಶವಿಲ್ಲ.

ಇದು ಎಲ್ಲಕ್ಕಿಂತ ಸ್ಪಷ್ಟವಾಗುವುದು ಸಮಬಲದ ಪಂದ್ಯದಲ್ಲಿ. 2022ರಿಂದ ಸಾಲಿನ ಪಂದ್ಯಗಳಲ್ಲಿ ಹೆಚ್ಚುವರಿ ಅವಧಿಯನ್ನು ತೆಗೆದುಹಾಕಿದರು; ಅಲ್ಲಿ ಸಮವಾದುದು ಸಮವಾಗಿಯೇ ಉಳಿಯುತ್ತದೆ. ಪಂದ್ಯಾವಳಿಯಲ್ಲಿ ಹಾಗೆ ಬಿಡುವಂತಿಲ್ಲ, ಯಾರಾದರೊಬ್ಬರು ಮುಂದೆ ಹೋಗಲೇಬೇಕು. ಹೆಚ್ಚುವರಿ ಅವಧಿಗಳಲ್ಲಿಯೂ ಇತ್ಯರ್ಥವಾಗದಿದ್ದರೆ ಹನ್ನೆರಡು ಗಜದ ದೂರದಿಂದ ಒಬ್ಬೊಬ್ಬನಾಗಿ ಒದೆಯಬೇಕು. 2022ರ ರಾಷ್ಟ್ರೀಯ ಅಂತಿಮ ಪಂದ್ಯವು 2–2ರಲ್ಲಿ ನಿಂತು, ಸಿರಾಕ್ಯೂಸ್ ತಂಡವು ಇಂಡಿಯಾನ ತಂಡವನ್ನು ಈ ಒದೆತಗಳಲ್ಲಿ 7–6ರಿಂದ ಹಿಂದಿಕ್ಕಿತು. ಇಂಥ ಪಂದ್ಯವನ್ನು ಕಾಲೇಜು ಆಟದ ದಾಖಲೆಯಲ್ಲಿ ಗೆಲುವೆಂದೂ ಬರೆಯುವುದಿಲ್ಲ, ಸೋಲೆಂದೂ ಬರೆಯುವುದಿಲ್ಲ, ಸಮವೆಂದೇ ಬರೆಯುತ್ತಾರೆ. ಪ್ರಶಸ್ತಿಯು ಒಬ್ಬನ ಕೈಗೆ ಹೋಯಿತು, ಪುಸ್ತಕವು ಇಬ್ಬರನ್ನೂ ಸಮಾನರೆಂದಿತು.

ಆ ಪುಸ್ತಕದ ಪ್ರಾಮಾಣಿಕತೆಯಲ್ಲಿ ಈ ಪ್ರಶ್ನೆಗೆ ಉತ್ತರವಿದೆ. ಅಣ್ಣತಮ್ಮಂದಿರು ಹೊಲ ಹಂಚಿಕೊಳ್ಳುವಾಗ ಕಡೆಗೆ ಚೀಟಿ ಎತ್ತುತ್ತಾರೆ. ನೀರಿನ ಪಕ್ಕದ ಹೊಲ ಕಿರಿಯನಿಗೆ ಬಂದರೆ ಅವನೇ ಉತ್ತಮನಾದ ಮಗನೆಂದು ಯಾರೂ ಹೇಳುವುದಿಲ್ಲ. ವ್ಯಾಜ್ಯ ಮುಗಿಯಿತು ಎನ್ನುತ್ತಾರೆ, ಅಷ್ಟೆ. ಕೆಲವು ತೀರ್ಪುಗಳು ಯೋಗ್ಯತೆಯ ತೀರ್ಪುಗಳು. ಕೆಲವು ಅಗತ್ಯದ ತೀರ್ಪುಗಳು. ಎರಡನೆಯ ಬಗೆಯವೂ ಲೋಕಕ್ಕೆ ಬೇಕು, ಇಲ್ಲದಿದ್ದರೆ ಯಾವ ಕಾರ್ಯವೂ ಮುಂದುವರಿಯದು. ಅಗತ್ಯದ ತೀರ್ಪನ್ನು ಯೋಗ್ಯತೆಯ ತೀರ್ಪೆಂದು ಓದಿಕೊಂಡಾಗ ಅನ್ಯಾಯವು ಹುಟ್ಟುತ್ತದೆ.

ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಮೊದಲಾದ ಎಂಟು ಹಳೆಯ ವಿದ್ಯಾಸಂಸ್ಥೆಗಳ ಐವಿ ಲೀಗ್ ಎಂಬ ಕೂಟವು ಈ ಭೇದವನ್ನು ಉಳಿಸಿಕೊಳ್ಳಲು ಯತ್ನಿಸಿದೆ. ಬಹುಕಾಲ ಆ ಕೂಟದಲ್ಲಿ ಕಾಲ್ಚೆಂಡಿನ ಪಂದ್ಯಾವಳಿಯೇ ಇರಲಿಲ್ಲ. ಏಳು ಎದುರಾಳಿಗಳೊಡನೆ ಆಡಿ ಮುಂದಾದವನೇ ರಾಷ್ಟ್ರೀಯ ಸ್ಪರ್ಧೆಗೆ ಹೋಗುತ್ತಿದ್ದನು. 2023ರಲ್ಲಿ ಮೊದಲ ನಾಲ್ಕು ತಂಡಗಳಿಗೆ ಪಂದ್ಯಾವಳಿಯನ್ನು ಏರ್ಪಡಿಸಿದರು. ಆದರೂ ಕೂಟದ ವಿಜೇತನೆಂಬ ಬಿರುದು ಸಾಲಿನ ಮೊದಲಿಗನದೇ. ಪಂದ್ಯಾವಳಿಯಿಂದ ದೊರೆಯುವುದು ಮುಂದಿನ ಪ್ರವೇಶದ ಹಕ್ಕು. ಸ್ಥೈರ್ಯಕ್ಕೆ ಒಂದು ಮಾನ, ಸಮಯಸಾಮರ್ಥ್ಯಕ್ಕೆ ಇನ್ನೊಂದು. ಸಾಲಿನಲ್ಲಿ ಗೆದ್ದು ಕೊನೆಗೆ ಸೋತವನಿಗೆ ನೋವು ಇದರಿಂದ ತಪ್ಪದು. ಆದರೆ ಅವನು ಮಾಡಿದ್ದು ಮಾಡಲಿಲ್ಲವೆಂದಾಗುವುದಿಲ್ಲ.

ಕಾಲೇಜಿನ ಕೊನೆಯ ವರ್ಷದ ವಿದ್ಯಾರ್ಥಿಯೊಬ್ಬನು ಒದ್ದ ಚೆಂಡನ್ನು ಎದುರಿನ ಗೋಲುಕಾಯುವವನು ತಡೆದರೆ, ಆ ಹುಡುಗನ ಆಟವು ಅಲ್ಲಿಗೇ ಮುಗಿಯಬಹುದು. ಅವನಿಗೆ ಮತ್ತೊಂದು ನವೆಂಬರ್ ಇಲ್ಲ. ನಿಯಮವನ್ನು ಆ ದಿನ ಅವನಿಗಾಗಿ ಬದಲಿಸಲಾಗದು, ಬದಲಿಸಲೂಬಾರದು. ಆದರೆ ಅವನನ್ನು ಬರಮಾಡಿಕೊಳ್ಳುವ ತಂದೆತಾಯಿಗಳೂ ಗುರುಗಳೂ ಅವನ ನಾಲ್ಕು ವರ್ಷಗಳನ್ನು ಆ ಒಂದು ಒದೆತದಿಂದ ಅಳೆಯದಿರುವುದು ಸಾಧ್ಯ. ಪಂದ್ಯಾವಳಿಯು ಕೊಡಲಾರದ ನ್ಯಾಯವನ್ನು ಅವರು ಕೊಡಬಲ್ಲರು. ಕೊಡಬೇಕಾದ ಹೊಣೆಯೂ ಅವರದೇ.